ಗೋಡೆಗೆ ಕಾಲಿಟ್ಟು ಹತ್ತು ನಿಮಿಷ: ಮನೆಯಲ್ಲೇ ವಿಪರೀತ ಕರಣಿ

ವಿಪರೀತ ಕರಣಿ ಅಂದರೆ ಮಲಗಿ ಕಾಲನ್ನು ಮೇಲಕ್ಕೆತ್ತಿಡುವ ಯೋಗದ ಭಂಗಿ. ದಿನವಿಡೀ ನಿಂತು ಕಾಲು ಭಾರವಾದವರಿಗೆ ಹೇಳಿ ಮಾಡಿಸಿದ ವಿಶ್ರಾಂತಿ ಇದು. ದುಬಾರಿ ದಿಂಬೇನೂ ಕೊಳ್ಳಬೇಕಿಲ್ಲ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ಅವರ ಪದ್ಧತಿಯಲ್ಲೂ ಕಂಬಳಿ, ಕುರ್ಚಿ, ಗೋಡೆಗಳ ಆಸರೆ ಇದೆ.

ಊಟವಾಗಿ ಮೂರು ಗಂಟೆ ಕಳೆದಿರಲಿ. ಎರಡು ಗಟ್ಟಿ ಕಂಬಳಿ ಮಡಚಿ ಸುಮಾರು 10 ಸೆಂ.ಮೀ. ಎತ್ತರದ ದಿಂಡು ಮಾಡಿ, ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ಇಡಿ. ಮೆತ್ತನೆಯ ತಲೆದಿಂಬು ಬೇಡ, ಭಾರಕ್ಕೆ ಕುಸಿದುಬಿಡುತ್ತದೆ.

ಹೆಚ್ಚಿನವರು ಎಡವುವುದು ಮಲಗುವಾಗ. ಗೋಡೆಗೆ ಮುಖಮಾಡಿ ಕೂತು ಕಾಲೆತ್ತಿದರೆ ಸೊಂಟ ದೂರವೇ ಉಳಿಯುತ್ತದೆ. ದಿಂಡಿನ ತುದಿಯಲ್ಲಿ ಅಡ್ಡಲಾಗಿ, ಒಂದು ತೊಡೆ ಗೋಡೆಗೆ ತಾಗುವಂತೆ ಕೂರಿ. ಕೈಯೂರಿ ಹಿಂದಕ್ಕೆ ವಾಲುತ್ತಾ ಕಾಲುಗಳನ್ನು ಗೋಡೆಯ ಮೇಲಕ್ಕೆ ತಿರುಗಿಸಿ. ಸೊಂಟ ದಿಂಡಿನ ಮೇಲೆ, ಭುಜ, ತಲೆ ನೆಲದ ಮೇಲೆ. ಗದ್ದ ಹಣೆಗಿಂತ ಎತ್ತರವಿದ್ದರೆ ಕತ್ತು ಬಿಗಿಯುತ್ತದೆ. ತಲೆಯಡಿ ಮಡಚಿದ ಟವೆಲ್ ಇಡಿ. ಕಣ್ಣಿನ ಮೇಲೊಂದು ಬಟ್ಟೆ.

ಮಂಡಿ ನೆಟ್ಟಗಾಗುತ್ತಿಲ್ಲವೇ? ತೊಡೆಯ ಹಿಂಭಾಗ ಬಿಗಿಯಾಗಿದೆ ಅಷ್ಟೇ. ದಿಂಡನ್ನು ಗೋಡೆಯಿಂದ ಇನ್ನೊಂದು ಗೇಣು ದೂರಕ್ಕೆ ಎಳೆದುಕೊಳ್ಳಿ, ಹಟ ಮಾಡಿ ಒತ್ತಬೇಡಿ. ಪಾದ ಜೋಮು ಹಿಡಿದರೆ ಚಕ್ಕಳಮಕ್ಕಳ ಹಾಕಿದಂತೆ ಕಾಲು ಮಡಚಿ.

ಮೊದಮೊದಲು ಐದು ನಿಮಿಷ, ಆಮೇಲೆ ಹತ್ತು. ಗ್ಲಾಕೋಮಾ (ಕಣ್ಣಿನ ನರಕ್ಕೆ ಹಾನಿಯಾಗುವ ಕಾಯಿಲೆ), ಹರ್ನಿಯಾ, ಹತೋಟಿಗೆ ಬಾರದ ಬಿ.ಪಿ. ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಮಾಡಬಾರದು.

ಇಳಿಯುವಾಗ ಮಂಡಿ ಮಡಚಿ, ಮೆಲ್ಲಗೆ ದಿಂಡಿನಿಂದ ಜಾರಿ, ಬಲಮಗ್ಗುಲಿಗೆ ಹೊರಳಿ ಒಂದು ನಿಮಿಷ ಹಾಗೇ ಇರಿ. ದಡಕ್ಕನೆ ಎದ್ದರೆ ತಲೆ ಸುತ್ತುತ್ತದೆ.