ಒಣಕಡ್ಡಿಯ ಹೆಸರು ಹುಡುಕುವುದು ಹೀಗೆ

ಜನವರಿ ಬಂತೆಂದರೆ ಕಾಸರಗೋಡಿನ ಮುರಕಲ್ಲು ಗುಡ್ಡೆಗಳಲ್ಲಿ ಹಸಿರು ಹುಡುಕಬೇಕು. ನಿಂತಿರುವುದೆಲ್ಲ ಒಣಕಡ್ಡಿ. "ಇದು ಯಾವ ಗಿಡ ಮಾರಾಯ್ರೇ?" ಎಂದು ಮುರಿದ ತುದಿಯೊಂದನ್ನು ಹಿಡಿದು ಬರುವವರೂ ಆಗಲೇ ಜಾಸ್ತಿ. ಬರೀ ತುದಿ ಸಾಲದು.

ಮೊದಲು ನಿಂತಲ್ಲೇ ನೋಡಿ. ಎತ್ತರವೆಷ್ಟು, ಒಂಟಿಯೋ ಗುಂಪೋ, ಒಣಬಂಡೆಯೋ ಮಳೆಗಾಲದಲ್ಲಿ ನೀರು ನಿಲ್ಲುವ ಜಾಗವೋ, ಬರೆದಿಡಿ.

ಆಮೇಲೆ ಪೀಶಕತ್ತಿಯಿಂದ ಅಡ್ಡಕ್ಕೆ ಕತ್ತರಿಸಿ. ಮೂರು ಮೂಲೆ ಕಂಡರೆ ಜೇಕಿನ ಬಳಗ ಇರಬಹುದು. ಗೆಣ್ಣುಗಳಿದ್ದು ನಡುವೆ ಟೊಳ್ಳಾದರೆ ಹುಲ್ಲು. ಚೌಕವಾದರೆ ತುಂಬೆ, ತುಳಸಿಗಳ ಕಡೆಯದು. ಅವಸರ ಬೇಡ, ಲಂಟಾನದ ಕಡ್ಡಿಯೂ ಚೌಕವೇ. ಅದು ಕೈ ತರಚುತ್ತದೆ, ಅಷ್ಟೇ ವ್ಯತ್ಯಾಸ! ಎಲೆ ಉದುರಿದ ಕಲೆಗಳು ಎದುರುಬದುರೋ, ಒಂದು ಬಿಟ್ಟು ಒಂದೋ ಎಂದೂ ನೋಡಿ. ಎಲ್ಲೆಡೆ ಹಬ್ಬುವ ಕಳೆ ಕಮ್ಯುನಿಸ್ಟ್ ಗಿಡದಲ್ಲಿ ಎದುರುಬದುರು, ತುದಿಯಲ್ಲಿ ಬಿಳಿ ನವಿರಿನ ಬೀಜ. ಸಿಪ್ಪೆ ಗಟ್ಟಿ ನಾರಾಗಿ ಸುಲಿದು ಬಂದರೆ ದಾಸವಾಳದ ನೆಂಟರನ್ನು ನೆನೆಯಿರಿ.

ನಿಜವಾದ ಗುಟ್ಟು ಇರುವುದು ಬೀಜದಲ್ಲಿ. ಉತ್ತರಾಣಿಯ ಕಾಯಿ ಕೆಳಮುಖವಾಗಿ ಕಡ್ಡಿಗೆ ಒತ್ತಿಕೊಂಡಿರುತ್ತದೆ, ದಾಟಿದರೆ ಉಟ್ಟ ಮುಂಡಿಗೆ (ಪಂಚೆಗೆ) ಅಂಟುತ್ತದೆ. ಅಪ್ಸೆಣಬಿನ ಬಳಗದ ಕಾಯಿ ಅಲ್ಲಾಡಿಸಿದರೆ ಗೆಜ್ಜೆಯಂತೆ ಸದ್ದು ಮಾಡುತ್ತದೆ.

ಕಳೆದ ವರ್ಷ ನನಗೆ ಸೊಂಟದೆತ್ತರದ ಚೌಕ ಕಡ್ಡಿಯೊಂದು ಸಿಕ್ಕಿತು. ತುಂಬೆ ಎಂದುಕೊಂಡೆ. ಆದರೆ ತುಂಬೆಯಲ್ಲಿ ಒಣಹೂಗಳು ಗೆಣ್ಣಿನ ಸುತ್ತ ಉಂಡೆ ಕಟ್ಟಿರುತ್ತವೆ. ಇದರಲ್ಲಿ ಹೂ ಉದುರಿ ಉಳಿದ ಪುಟ್ಟ ಪುಟ್ಟ ಬಟ್ಟಲುಗಳು. ಬಟ್ಟಲಿಗೆ ಉದ್ದುದ್ದ ಗೀರು, ಅಂಚಿನಲ್ಲಿ ಸೂಜಿಯಂಥ ಐದು ಹಲ್ಲು. ಉಜ್ಜಿದರೆ ಇನ್ನೂ ಘಾಟು. ಅಂಗೈ ಮೇಲೆ ಬಡಿದೆ, ಚಪ್ಪಟೆ ಬೀಜ ಉದುರಿತು. ಚಮಚದಲ್ಲಿ ನೀರು ಹಾಕಿ ಹತ್ತು ನಿಮಿಷ ಬಿಟ್ಟೆ. ಪ್ರತಿ ಬೀಜದ ಸುತ್ತಲೂ ಲೋಳೆ! ಕಾಮಕಸ್ತೂರಿಯೂ ಹೀಗೇ ಉಬ್ಬುತ್ತದೆ ಅಲ್ವಾ? ಹಾಗಾಗಿ ಲೋಳೆ ನಂಬಿ ಕೂರಬಾರದು. ಕಾಮಕಸ್ತೂರಿಯ ಬಟ್ಟಲಿಗೆ ಮೇಲೊಂದು ಅಗಲ ತುಟಿ ಇರುತ್ತದೆ, ಇದಕ್ಕೆ ಐದೂ ಸೂಜಿಯೇ. ಅಮೆರಿಕ ಖಂಡದಿಂದ ಬಂದ ಕಳೆ, ಹಿಪ್ಟಿಸ್. ನಾಯಿತುಳಸಿ ಎನ್ನುವವರೂ ಇದ್ದಾರೆ.

ಗುರುತು ಸಿಗದ ಗಿಡದ ಬೀಜವನ್ನು ಬಾಯಿಗೆ ಹಾಕಬೇಡಿ. ಚಟ್ಟಿಯಲ್ಲಿ ಬಿತ್ತಿ, ಮೊದಲ ಎಲೆ ಬರಲಿ. ನಾನು ಆ ಚಮಚದ ನೀರನ್ನು ಸುಮ್ನೆ ಅಂಗಳದ ಬದಿಗೆ ಚೆಲ್ಲಿದ್ದೆ. ಜೂನ್ ಮಳೆಗೆ ಅಲ್ಲಿ ಗೊಂಚಲು ಗೊಂಚಲಾಗಿ ಮೊಳಕೆ ಎದ್ದಿತು. ಇನ್ನೂ ಕೀಳುತ್ತಲೇ ಇದ್ದೇನೆ.