ಮಲೆನಾಡಿನ ಹಿತ್ತಲಲ್ಲಿ ಏಷ್ಯಾದ ಪೇರ್: ಗಿಡ ಮಲಗುವ ಮೊದಲೇ ಎಲೆ ಕೀಳಬೇಕು

ಮೊದಲು ಹೆಸರಿನ ಗೊಂದಲ ಮುಗಿಸೋಣ. ನಮ್ಮ ಕಡೆ ಪೇರಳೆ ಅಂದರೆ ಸೀಬೆಹಣ್ಣು. ಇದು ಅದಲ್ಲ. ಇದು ಮರಸೇಬು, ಅಂಗಡಿಯವರ ಬಾಯಲ್ಲಿ ಪೇರ್ಸ್, ಉತ್ತರದವರಿಗೆ ನಾಶಪಾತಿ. ಅದರಲ್ಲೂ ನಾನು ಹೇಳುತ್ತಿರುವುದು ಏಷ್ಯಾದ ಪೇರ್ ಬಗ್ಗೆ. ಹೆಚ್ಚಿನವು ಸೇಬಿನ ಹಾಗೆ ದುಂಡಗಿರುತ್ತವೆ, ಕಚ್ಚಿದರೆ ಕರಕರ ಅನ್ನುತ್ತವೆ, ಬಾಯಿ ತುಂಬ ನೀರು. ಯುರೋಪಿನ ಪೇರ್ ಆದರೆ ಕಿತ್ತು ತಂದು ಮನೆಯಲ್ಲಿಟ್ಟು ಮೆತ್ತಗಾಗಲಿ ಅಂತ ಕಾಯಬೇಕು. ಇದು ಮರದಲ್ಲೇ ಹಣ್ಣಾಗುತ್ತದೆ. ಕಿತ್ತು ಪಂಚೆಗೆ ಒರೆಸಿ ಅಲ್ಲೇ ತಿನ್ನಬಹುದು.

ಮಲೆನಾಡಲ್ಲಿ ಇದು ಬರುತ್ತದಾ? ಬರುತ್ತದೆ, ಆದರೆ ಸುಮ್ನೆ ನೆಟ್ಟು ಬಿಟ್ಟರೆ ಬರುವುದಿಲ್ಲ. ನಾನು ಐದು ವರ್ಷ ಸುಮ್ನೆ ಬಿಟ್ಟು ಕಲಿತೆ. ತೀರ್ಥಹಳ್ಳಿ ಹತ್ತಿರದ ನಮ್ಮ ಹಿತ್ತಲಿಗೆ ಮೊದಲ ಗಿಡ ತರಿಸಿದ್ದು ಆನ್‌ಲೈನಲ್ಲಿ. ಮೈನಸ್ 25 ಡಿಗ್ರಿ ಚಳಿ ತಡೆಯುತ್ತದೆ ಅಂತ ಬರೆದಿತ್ತು, ಅಷ್ಟು ಚಳಿ ತಡೆಯುವ ಗಿಡಕ್ಕೆ ನಮ್ಮೂರು ಯಾವ ಲೆಕ್ಕ ಅಂದುಕೊಂಡು ಎರಡು ಗಿಡ ಕೊಂಡೆ. ಒಂದು ಮೊದಲ ಮಳೆಗಾಲದಲ್ಲೇ ಬೇರು ಕೊಳೆತು ಹೋಯಿತು. ಇನ್ನೊಂದು ಮಾಡಿನ ಎತ್ತರಕ್ಕೆ ಹಸಿರಾಗಿ ಬೆಳೆಯಿತು, ಒಂದೇ ಒಂದು ಹೂ ಬಿಡಲಿಲ್ಲ. "ಅದು ಸೊಪ್ಪಿನ ಗಿಡವೇನೋ, ಕೊಟ್ಟಿಗೆಗಾದರೂ ಹಾಕಿ" ಅಂತ ನಮ್ಮತ್ತೆ ಹೇಳುತ್ತಿದ್ದರು.

ಚಳಿ ತಡೆಯುವುದು ಬೇರೆ, ಚಳಿ ಬೇಕಾಗುವುದು ಬೇರೆ

ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಉಳಿದದ್ದೆಲ್ಲ ಇದರ ಮೇಲೆಯೇ ನಿಂತಿದೆ.

ಪೇರ್ ಗಿಡ ಚಳಿ ದೇಶದ್ದು. ಮಂಚೂರಿಯಾ, ರಷ್ಯಾದ ಪೂರ್ವದ ತುದಿಯ ಉಸ್ಸೂರಿ ಪೇರ್ ಅನ್ನುವ ಜಾತಿ ಮೈನಸ್ 40ರ ಹತ್ತಿರದ ಚಳಿಯಲ್ಲೂ ಬದುಕುತ್ತದೆ. ಅಂಥ ಕಡೆ ಚಳಿಗಾಲದ ಮಧ್ಯೆ ಎರಡು ದಿನ ಬಿಸಿಲು ಬಂದರೆ ಗಿಡ ಮೋಸಹೋಗಿ ಹೂ ಬಿಡಬಾರದು ಅಲ್ವಾ? ಅದಕ್ಕೇ ಎಲೆ ಉದುರಿಸಿ ಗಾಢ ನಿದ್ದೆಗೆ ಹೋಗುತ್ತದೆ. ಇಂತಿಷ್ಟು ಗಂಟೆ ಚಳಿ ತಿಂದ ಮೇಲೆಯೇ ಮೊಗ್ಗು ಏಳುತ್ತದೆ. ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿಯನ್ನೇ ಗಂಟೆ ಲೆಕ್ಕದಲ್ಲಿ ಎಣಿಸುವುದು ರೂಢಿ. ಜಪಾನಿನ ಹೊಸುಯಿ, ಕೊಸುಯಿ ತಳಿಗಳಿಗೆ ಇಂಥ ನೂರಾರು ಗಂಟೆ ಬೇಕು. ನಾವು ಜನವರಿ ಬೆಳಗಿನ ಜಾವ ಕಂಬಳಿ ಹೊದ್ದು ಬಚ್ಚಲ ಒಲೆ ಮುಂದೆ ಕೂರುತ್ತೇವೆ ನಿಜ. ಆಗಲೂ ಶಿವಮೊಗ್ಗದಲ್ಲಿ ಹತ್ತು ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪ. ನಮಗದು ನಡುಕ, ಪೇರ್ ಗಿಡಕ್ಕೆ ಅದು ಚಳಿಯೇ ಅಲ್ಲ.

ಊಟಿ, ಕೂನೂರು, ಕೊಡೈಕೆನಾಲ್ ಕಡೆ ಪೇರ್ ಬೆಳೆಯುತ್ತಾರಲ್ಲ ಅಂತ ಕೇಳಬಹುದು. ಅವು 1,800ರಿಂದ 2,200 ಮೀಟರ್ ಎತ್ತರದ ಊರುಗಳು. ಶಿವಮೊಗ್ಗ 570 ಮೀಟರ್ ಆಸುಪಾಸು, ಆಗುಂಬೆ 650ರ ಸುತ್ತ. ಬಾಬಾಬುಡನ್‌ಗಿರಿಯ ಮೇಲ್ಭಾಗದಲ್ಲಿ ತೋಟ ಇದ್ದವರ ಕತೆ ಬೇರೆ, ಅವರಿಗೆ ನನಗಿಂತ ಸುಲಭ.

ಹಾಗಾಗಿ ಚಳಿ ತಡೆಯುತ್ತದೆ ಅನ್ನುವ ಚೀಟಿ ನೋಡಿ ಗಿಡ ಕೊಳ್ಳಬೇಡಿ. ಕಡಿಮೆ ಚಳಿ ಸಾಕಾ ಅಂತ ಕೇಳಿ ಕೊಳ್ಳಿ.

ಯಾವ ಗಿಡ, ಯಾವಾಗ

ನನ್ನ ಮಟ್ಟಿಗೆ ಮೊದಲ ಆಯ್ಕೆ ಪತ್ಥರ್‌ನಾಖ್. ಪಂಜಾಬಿನ ಬಯಲಲ್ಲಿ, ಅಂದರೆ ಬೇಸಿಗೆಯಲ್ಲಿ ಕುದಿಯುವ ಲೂಧಿಯಾನ ಅಮೃತಸರದ ಕಡೆ, ಬೆಳೆಯುವ ಏಷ್ಯಾದ ಪೇರ್ ಅದು. ಪತ್ಥರ್ ಅಂದರೆ ಕಲ್ಲು. ಹಣ್ಣು ಗಟ್ಟಿ, ತಿರುಳಲ್ಲಿ ಸಣ್ಣ ಮರಳು ಸಿಕ್ಕ ಹಾಗೆ ಆಗುತ್ತದೆ, ಜಪಾನಿನ ಹಣ್ಣಿನ ನಯ ಇದಕ್ಕಿಲ್ಲ. ಆದರೆ ಸಿಹಿ ಇದೆ, ರಸ ಇದೆ, ಮುಖ್ಯವಾಗಿ ಕಾಯಿ ಬಿಡುತ್ತದೆ. ಜೊತೆಗೆ ಪಂಜಾಬ್ ಬ್ಯೂಟಿಯೋ ಬಗ್ಗುಗೋಶಾವೋ ಒಂದು ಗಿಡ ಇರಲಿ. ಇವು ಸ್ವಲ್ಪ ಮೆತ್ತನೆಯ ಜಾತಿ. ಬೇರೆ ತಳಿಯ ಪರಾಗ ಸಿಕ್ಕರೆ ಪೇರ್ ಚೆನ್ನಾಗಿ ಕಚ್ಚುತ್ತದೆ, ಅದಕ್ಕೇ ಎರಡು ತಳಿ ಅನ್ನುವುದು.

ತಿಂದ ಹಣ್ಣಿನ ಬೀಜ ಹಾಕಿದರೆ ಆಗಲ್ವಾ ಅಂತ ತುಂಬ ಜನ ಕೇಳುತ್ತಾರೆ. ಗಿಡ ಆಗುತ್ತದೆ, ಅದೇ ಹಣ್ಣು ಆಗುವುದಿಲ್ಲ. ಯಾವ ಹಣ್ಣು ಬರುತ್ತದೆ ಅನ್ನುವುದು ಅದೃಷ್ಟ. ಜಪಾನಿನ ಮಾತ್ಸುದೊ ಊರಿನ 13 ವರ್ಷದ ಹುಡುಗನೊಬ್ಬನಿಗೆ 1888ರಲ್ಲಿ ಆ ಅದೃಷ್ಟ ಖುಲಾಯಿಸಿತ್ತು. ಕಸದ ಗುಂಡಿ ಪಕ್ಕ ತಾನಾಗಿ ಹುಟ್ಟಿದ್ದ ಸಸಿಯನ್ನು ತಂದು ನೆಟ್ಟ. ಅದೇ ಮುಂದೆ ನಿಜಿಸ್ಸೈಕಿ, ಅಂದರೆ ಇಪ್ಪತ್ತನೇ ಶತಮಾನ ಅನ್ನುವ ಹೆಸರಿನ ತಳಿಯಾಗಿ ಜಪಾನಿನ ತುಂಬ ಹರಡಿತು. ನಿಮ್ಮ ತಿಪ್ಪೆ ಪಕ್ಕವೂ ಹುಟ್ಟಬಹುದು, ಆದರೆ ಕಾಯಬೇಡಿ. ಕಸಿ ಗಿಡ ತನ್ನಿ, ಮೂರರಿಂದ ಐದು ವರ್ಷಕ್ಕೆ ಫಸಲಿಗೆ ಬರುತ್ತದೆ.

ನೆಡುವಾಗ ನಾವೆಲ್ಲ ಮಾಡುವ ತಪ್ಪು ಮುಂಗಾರಿಗೆ ನೆಡುವುದು. ಮಾವು, ಹಲಸಿಗೆ ಅದು ಸರಿ. ಪೇರ್‌ಗೆ ನಮ್ಮ ಆರಿದ್ರಾ, ಪುನರ್ವಸು ಮಳೆ ಅಂದರೆ ಬಾವಿಗೆ ಬಿದ್ದ ಹಾಗೆ. ಚೀಲದ ಗಿಡವಾದರೆ ಮಳೆ ಇಳಿದ ಮೇಲೆ, ಭೂಮಿ ಹುಣ್ಣಿಮೆ ಹೊತ್ತಿಗೆ ನೆಡಿ. ಹಿಮಾಚಲದ ಕಡೆಯಿಂದ ಮಣ್ಣಿಲ್ಲದ ಬೋಳು ಬೇರಿನ ಗಿಡ ತರಿಸುವುದಾದರೆ ಅದು ಮಲಗಿರುವ ಜನವರಿಯಲ್ಲೇ ಬರಬೇಕು, ಬಂದ ದಿನವೇ ಮಣ್ಣಿಗೆ ಇಳಿಯಬೇಕು.

ಗುಂಡಿ ಎರಡು ಅಡಿಗಿಂತ ಆಳ ಬೇಡ. ಜಂಬಿಟ್ಟಿಗೆ ನೆಲದಲ್ಲಿ ಆಳದ ಗುಂಡಿ ಮಳೆಗಾಲದಲ್ಲಿ ಸಣ್ಣ ಬಾವಿಯೇ ಆಗುತ್ತದೆ, ನನ್ನ ಮೊದಲ ಗಿಡ ಸತ್ತಿದ್ದು ಹಾಗೆ. ಗುಂಡಿ ತುಂಬಿಸಿ ಅದರ ಮೇಲೆ ಒಂದೂವರೆ ಅಡಿ ದಿಬ್ಬ ಏರಿಸಿ, ದಿಬ್ಬದ ಮೇಲೆ ಗಿಡ ಕೂರಿಸಿ. ಅಡಿಕೆ ತೋಟದ ಹಾಗೆ ಪಕ್ಕದಲ್ಲೊಂದು ಬಸಿಗಾಲುವೆ ಇರಲಿ. ಕಸಿ ಕಟ್ಟಿದ ಗಂಟು ಮಣ್ಣಿನಿಂದ ಒಂದು ಗೇಣಾದರೂ ಮೇಲಿರಬೇಕು. ಗಿಡದಿಂದ ಗಿಡಕ್ಕೆ 12ರಿಂದ 15 ಅಡಿ. ನಮ್ಮ ಮಣ್ಣು ಹುಳಿ ಜಾಸ್ತಿ, ಮೊದಲೇ ಮಣ್ಣು ಪರೀಕ್ಷೆ ಮಾಡಿಸಿ ಅವರು ಹೇಳಿದಷ್ಟು ಸುಣ್ಣ ಹಾಕಿ. ಬುಡಕ್ಕೆ ದರಗು ಹೊದಿಸಿ, ಕಾಂಡಕ್ಕೆ ತಾಗಿಸಬೇಡಿ, ಗೆದ್ದಲು ಹತ್ತುತ್ತದೆ. ವರ್ಷಕ್ಕೆ ಎರಡು ಬುಟ್ಟಿ ಹಳೇ ಕೊಟ್ಟಿಗೆ ಗೊಬ್ಬರ ಸಾಕು. ಕೋಳಿ ಗೊಬ್ಬರ ಸುರಿದರೆ ನಮ್ಮತ್ತೆ ಹೇಳಿದ ಸೊಪ್ಪಿನ ಗಿಡವೇ ಆಗುತ್ತದೆ.

ರೆಂಬೆಗೆ ಕಲ್ಲು ಕಟ್ಟುವುದು

ಪೇರ್ ಗಿಡ ಬಾಣದ ಹಾಗೆ ನೆಟ್ಟಗೆ ಮೇಲೇರುತ್ತದೆ. ನೆಟ್ಟಗಿರುವ ರೆಂಬೆಯಲ್ಲಿ ತುದಿಯ ಮೊಗ್ಗಿನದೇ ದರ್ಬಾರು, ಕೆಳಗಿನ ಮೊಗ್ಗುಗಳನ್ನು ಅದು ಏಳಲು ಬಿಡುವುದಿಲ್ಲ. ರೆಂಬೆಯನ್ನು ಬಾಗಿಸಿದರೆ ಆ ಹಿಡಿತ ಸಡಿಲವಾಗಿ ಉದ್ದಕ್ಕೂ ಗಿಡ್ಡ ಕಡ್ಡಿಗಳು ಬರುತ್ತವೆ. ಹೂ ಬಿಡುವುದು ಮುಖ್ಯವಾಗಿ ಆ ಗಿಡ್ಡ ಕಡ್ಡಿಗಳಲ್ಲೇ. ಅವನ್ನು ಒಣಕಲು ಅಂದುಕೊಂಡು ಕತ್ತರಿಸಿಬಿಟ್ಟೀರಿ, ನಾನು ಕತ್ತರಿಸಿದ್ದೇನೆ.

ಎರಡನೇ ವರ್ಷದಿಂದ ಮಳೆ ಮುಗಿದ ಮೇಲೆ ನಾಲ್ಕೈದು ರೆಂಬೆ ಆರಿಸಿಕೊಂಡು, ಬಾಳೆನಾರಿನಲ್ಲೋ ಹಳೇ ಪಂಚೆಯ ಪಟ್ಟಿಯಲ್ಲೋ ಕಟ್ಟಿ, ನೆಲಕ್ಕೊಂದು ಗೂಟ ಹೊಡೆದು ಎಳೆದು ನಿಲ್ಲಿಸಿ. ಗೂಟ ಬೇಡ ಅಂದರೆ ಒಂದು ಕಲ್ಲು ತೂಗುಹಾಕಿ. ಪೂರ್ತಿ ಮಲಗಿಸಬೇಡಿ, ಓರೆಯಾದರೆ ಸಾಕು. ಜಪಾನಿನವರು ಇನ್ನೂ ಮುಂದೆ ಹೋಗಿ, ಚಂಡಮಾರುತಕ್ಕೆ ಹಣ್ಣು ಉದುರಬಾರದೆಂದು ಪೇರ್ ಮರಗಳನ್ನು ತಂತಿಯ ಚಪ್ಪರಕ್ಕೆ ಹಬ್ಬಿಸುತ್ತಾರೆ, ನಾವು ಹೀರೆ, ಸೋರೆ ಹಬ್ಬಿಸಿದ ಹಾಗೆ.

ತುಳಸಿ ಹಬ್ಬದ ಮೇಲೆ ಎಲೆ ಕೀಳುವುದು

ಈಗ ನಿಜವಾದ ಕೆಲಸ. ಗಾಢ ನಿದ್ದೆಗೆ ಹೋದ ಗಿಡವನ್ನು ಎಬ್ಬಿಸಲು ಚಳಿ ಬೇಕು, ಚಳಿ ನಮ್ಮಲ್ಲಿಲ್ಲ. ಹಾಗಾದರೆ ಅದು ನಿದ್ದೆಗೆ ಜಾರುವ ಮೊದಲೇ ಎಬ್ಬಿಸಿದರೆ? ಇಂಡೊನೇಷ್ಯಾದ ಜಾವಾ ದ್ವೀಪದ ಬಾತು ಅನ್ನುವ ಕಡೆ ಸಮಭಾಜಕ ವೃತ್ತದ ಪಕ್ಕದಲ್ಲೇ ಸೇಬು ಬೆಳೆಯುವುದು ಈ ಉಪಾಯದಿಂದ. ಕೊಯ್ಲಾದ ಸ್ವಲ್ಪ ದಿನಕ್ಕೆ ಎಲೆಗಳನ್ನೆಲ್ಲ ಕೈಯಲ್ಲೇ ಕಿತ್ತುಬಿಡುತ್ತಾರೆ, ಗಿಡ ಮತ್ತೆ ಹೂ ಬಿಡುತ್ತದೆ, ವರ್ಷಕ್ಕೆ ಎರಡು ಬೆಳೆ. ಕಾಫಿ ತೋಟದವರಿಗೆ ಇದು ಪೂರ್ತಿ ಹೊಸದಲ್ಲ, ಒಣಗಿಸಿದ ಗಿಡ ಹೂಮಳೆ ಬಿದ್ದ ಕೂಡಲೇ ಬೆಳ್ಳಗಾಗುವುದನ್ನು ನೋಡಿಯೇ ಇರುತ್ತಾರೆ.

ನಮಗೆ ಎರಡು ಬೆಳೆ ಬೇಡ. ಒಂದೇ ಬೆಳೆ, ಆದರೆ ಮಳೆಗೆ ಮೊದಲು ಮುಗಿಯಬೇಕು. ಲೆಕ್ಕವನ್ನು ಹಿಂದಿನಿಂದ ಹಾಕಿ. ಮೃಗಶಿರ ಮಳೆ ಜೂನ್ ಮೊದಲ ವಾರ ಹಿಡಿಯುತ್ತದೆ. ಹೂ ಕಚ್ಚಿದ ಮೇಲೆ ಕಾಯಿ ಬಲಿಯಲು ನಾಲ್ಕೂವರೆ ಐದು ತಿಂಗಳು. ಅಂದರೆ ಡಿಸೆಂಬರ್ ಕೊನೆಯೊಳಗೆ ಹೂ ಆಗಿರಬೇಕು. ಎಲೆ ಕಿತ್ತು ಮೂರರಿಂದ ಐದು ವಾರಕ್ಕೆ ಹೂ. ಆದ್ದರಿಂದ ನವೆಂಬರ್‌ನಲ್ಲಿ, ತುಳಸಿ ಹಬ್ಬ ಮುಗಿದ ಮೇಲೆ, ಎಲೆ ಕೀಳಬೇಕು. ಜನವರಿವರೆಗೆ ಬಿಟ್ಟರೆ ಅರ್ಧ ಎಲೆ ತಾನೇ ಉದುರಿ ಗಿಡ ಮಂಕಾಗಿ ಕೂತುಬಿಡುತ್ತದೆ, ಹಣ್ಣು ಬಂದರೂ ಜುಲೈ ಮಳೆಯಲ್ಲಿ ಕೊಳೆಯುತ್ತದೆ.

ಎಲೆ ಕೀಳುವ ಮೂರು ವಾರ ಮೊದಲು ನೀರು ನಿಲ್ಲಿಸಿ. ಆಮೇಲೆ ಒಂದು ಬೆಳಿಗ್ಗೆ ಏಣಿ ಇಟ್ಟುಕೊಂಡು ಒಂದೂ ಬಿಡದೆ ಕೀಳಿ. ಎಲೆಯನ್ನು ಕೆಳಗೆ ಜಗ್ಗಬೇಡಿ, ತೊಟ್ಟಿನ ಬುಡದ ಮೊಗ್ಗು ಕಿತ್ತು ಬರುತ್ತದೆ. ರೆಂಬೆಯ ತುದಿಯ ಕಡೆಗೆ ಮೇಲಕ್ಕೆತ್ತಿ ಮುರಿಯಿರಿ. ಮಕ್ಕಳಿದ್ದರೆ ಕರೆಯಿರಿ, ಅವರಿಗಿದು ಆಟ. ಉದ್ದ ಬೆಳೆದ ತುದಿಗಳನ್ನು ಸ್ವಲ್ಪ ಕತ್ತರಿಸಿ. ಹತ್ತು ದಿನ ಬಿಟ್ಟು ಗೊಬ್ಬರ ಕೊಟ್ಟು ಬುಡ ತುಂಬ ನೀರು ಹಾಯಿಸಿ. ವಿಜಯಪುರದ ದ್ರಾಕ್ಷಿ ತೋಟಗಳಲ್ಲಿ ಚಾಟನಿ, ಅಂದರೆ ಕಡ್ಡಿ ಕತ್ತರಿಸುವುದು, ಆದ ಮೇಲೆ ಮೊಗ್ಗು ಒಡೆಯಲು ಒಂದು ರಾಸಾಯನಿಕ ಹಚ್ಚುತ್ತಾರೆ. ಅದು ಮೈಗೆ ತಾಗಬಾರದ ವಿಷ, ಮನೆ ಹಿತ್ತಲಿಗೆ ಬೇಡವೇ ಬೇಡ.

ಮೊದಲ ವರ್ಷ ನನ್ನ ಗಿಡದಲ್ಲಿ ಹೂವಾದದ್ದು ಎರಡೇ ರೆಂಬೆ. ಕಾಯಿ ನಾಲ್ಕು. ಅದರಲ್ಲಿ ಎರಡು ಮಂಗನ ಪಾಲು. ಉಳಿದ ಎರಡನ್ನು ಮನೆಯ ಏಳು ಜನ ಹಂಚಿ ತಿಂದೆವು. ಆಮೇಲಿನ ವರ್ಷ ಪರವಾಗಿಲ್ಲ ಅನ್ನುವಷ್ಟು ಬಂತು. ಊಟಿಯ ಮರದ ಹಾಗೆ ಗೊಂಚಲು ಗೊಂಚಲು ನಿರೀಕ್ಷಿಸಬೇಡಿ.

ಹೂವಿನಿಂದ ಹಣ್ಣಿಗೆ

ಪೇರ್ ಹೂವಿನ ಮಕರಂದ ಅಷ್ಟೇನೂ ಸಿಹಿಯಲ್ಲ. ಅಕ್ಕಪಕ್ಕ ಬೇರೆ ಹೂ ಇದ್ದರೆ ತುಡುವೆ ಜೇನು ಇತ್ತ ತಿರುಗಿಯೂ ನೋಡುವುದಿಲ್ಲ. ಚೀನಾದ ಸಿಚುವಾನ್‌ನ ಹಾನ್‌ಯುವಾನ್ ಕಡೆ ಜನ ಮರ ಹತ್ತಿ, ಕೋಲಿಗೆ ಗರಿ ಕಟ್ಟಿಕೊಂಡು ಪೇರ್ ಹೂವಿಗೆ ಪರಾಗ ಸವರುತ್ತಾರೆ. ಎರಡು ಗಿಡಕ್ಕೆ ಅಷ್ಟೆಲ್ಲ ಬೇಡ, ಮಕ್ಕಳ ಬಣ್ಣದ ಕುಂಚ ಸಾಕು. ಬೆಳಿಗ್ಗೆ ಹತ್ತರ ಮೇಲೆ, ಇಬ್ಬನಿ ಆರಿದಾಗ, ಒಂದು ತಳಿಯ ಹೂವಿನಿಂದ ಇನ್ನೊಂದಕ್ಕೆ ಮುಟ್ಟಿಸುತ್ತಾ ಹೋಗಿ.

ಒಂದು ಗೊಂಚಲಲ್ಲಿ ನಾಲ್ಕೈದು ಕಾಯಿ ಕಚ್ಚಿದರೆ ನೆಲ್ಲಿಕಾಯಿ ಗಾತ್ರದಲ್ಲೇ ಒಂದನ್ನು ಬಿಟ್ಟು ಉಳಿದದ್ದು ಕಿತ್ತುಹಾಕಿ. ಹೊಟ್ಟೆ ಉರಿಯುತ್ತದೆ, ಆದರೂ ಕೀಳಿ. ಬಿಟ್ಟರೆ ಎಲ್ಲವೂ ನೆಲ್ಲಿಕಾಯಿಗಿಂತ ಸ್ವಲ್ಪ ದೊಡ್ಡದಾಗಿ ನಿಲ್ಲುತ್ತವೆ.

ಆಮೇಲೆ ಕೊಟ್ಟೆ ಕಟ್ಟುವುದು, ಅಂದರೆ ಕಾಯಿಗೆ ಚೀಲ ಹಾಕುವುದು. ಅಡಿಕೆ ಕೊನೆಗೆ ಕೊಟ್ಟೆ ಕಟ್ಟುವ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಪ್ಲಾಸ್ಟಿಕ್ ಬೇಡ, ಬಿಸಿಲಿಗೆ ಕಾಯಿ ಬೇಯುತ್ತದೆ. ಕಾಗದದ್ದೇ ಆಗಲಿ, ಜಪಾನಿನ ಪೇರ್ ತೋಟಗಳಲ್ಲೂ ಒಂದೊಂದು ಕಾಯಿಗೂ ಕಾಗದದ ಚೀಲ ಕಟ್ಟುವ ರೂಢಿ ಇದೆ. ಹಣ್ಣು ನೊಣ ಮೊಟ್ಟೆ ಇಡುವುದನ್ನು ಇದು ತಡೆಯುತ್ತದೆ. ಮಂಗನನ್ನು ತಡೆಯುವುದಿಲ್ಲ, ಮಂಗಕ್ಕೆ ಚೀಲ ಅಂದರೆ ಒಳಗೆ ಏನೋ ಇದೆ ಅಂತ ಬೋರ್ಡು ಹಾಕಿದ ಹಾಗೆ. ಏಪ್ರಿಲ್ ಮೇನಲ್ಲಿ ನಾಯಿಯನ್ನು ಆ ಬದಿಗೇ ಕಟ್ಟುತ್ತೇವೆ, ಅದಕ್ಕಿಂತ ಒಳ್ಳೆ ಉಪಾಯ ನಮಗಿನ್ನೂ ಸಿಕ್ಕಿಲ್ಲ.

ಸಿಪ್ಪೆಯ ಹಸಿರು ತಿಳಿಯಾಗಿ ಹಳದಿಗೆ ತಿರುಗಿದಾಗ ಹಣ್ಣನ್ನು ಅಂಗೈಯಲ್ಲಿ ಹಿಡಿದು ಮೇಲಕ್ಕೆ ಎತ್ತಿ. ತೊಟ್ಟು ಸಲೀಸಾಗಿ ಬಿಟ್ಟುಕೊಂಡರೆ ಆಗಿದೆ ಅಂತ. ಎಳೆಯಬೇಕಾಯಿತು ಅಂದರೆ ಇನ್ನೊಂದು ವಾರ ಬಿಡಿ.

ಮಳೆಗಾಲದಲ್ಲಿ ಎಲೆ ಉಳಿಸುವುದು

ಹಣ್ಣು ಕಿತ್ತ ಮೇಲೆ ಗಿಡ ಮರೆತುಬಿಡುವುದು ಎಲ್ಲರ ಚಾಳಿ. ಮಳೆಗಾಲದಲ್ಲಿ ಎಲೆಗೆ ಚುಕ್ಕೆ ರೋಗ ಬಂದು ಆಗಸ್ಟಿನಲ್ಲೇ ಬೋಳಾದರೆ, ಸೆಪ್ಟೆಂಬರ್ ಬಿಸಿಲಿಗೆ ಅದು ತಾನೇ ಹೂ ಬಿಟ್ಟುಬಿಡುತ್ತದೆ. ಆ ಹೂವೆಲ್ಲ ಮಳೆಪಾಲು, ನವೆಂಬರಿಗೆ ಮೊಗ್ಗೇ ಉಳಿದಿರುವುದಿಲ್ಲ. ಅದಕ್ಕೆ ಅಡಿಕೆ ತೋಟಕ್ಕೆ ಕೊಳೆ ಔಷಧಿ ಹೊಡೆಯುವ ದಿನವೇ ಇದಕ್ಕೂ ಹೊಡೆಸಿ. ಅದೇ ಬೋರ್ಡೋ, 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎಳೆ ಎಲೆ ಇದ್ದರೆ ಅರ್ಧ ಹದ ಸಾಕು. ತೋಟದ ಹಾಗೇ ಒಂದೂವರೆ ತಿಂಗಳಿಗೆ ಇನ್ನೊಮ್ಮೆ.

ಆ ಹಳೇ ಸೊಪ್ಪಿನ ಗಿಡವನ್ನು ನಾನು ಕಡಿಯಲಿಲ್ಲ. ತೈವಾನಿನ ತೈಚುಂಗ್ ಕಡೆ ಚಳಿ ಸಾಲದ ಊರುಗಳಲ್ಲಿ ರೈತರು ಪ್ರತಿ ಚಳಿಗಾಲವೂ ಚಳಿ ತಿಂದ ಹೂಮೊಗ್ಗಿನ ಕಡ್ಡಿಗಳನ್ನು ಜಪಾನಿನಿಂದ ತರಿಸಿ, ತಮ್ಮ ಮರಕ್ಕೆ ಕಸಿ ಕಟ್ಟಿ ಆ ವರ್ಷದ ಹಣ್ಣು ಪಡೆಯುತ್ತಾರೆ, ಮರುವರ್ಷ ಮತ್ತೆ ಹೊಸ ಕಡ್ಡಿ. ಅಷ್ಟು ದೊಡ್ಡ ಕೆಲಸ ನನ್ನಿಂದಾಗದು. ನಾನು ಮಾಡಿದ್ದು ಇಷ್ಟೇ: ಅದರ ರೆಂಬೆಗಳನ್ನು ಮೊಟುಕಿ ಪತ್ಥರ್‌ನಾಖ್‌ನ ಕಡ್ಡಿ ಕಸಿ ಕಟ್ಟಿದೆ. ಆರರಲ್ಲಿ ನಾಲ್ಕು ಹಿಡಿದಿವೆ. ಈ ತುಳಸಿ ಹಬ್ಬದ ಮೇಲೆ ಅದರ ಎಲೆ ಕೀಳುವ ಸರದಿ, ಏಣಿ ಹಿಡಿಯಲು ಅತ್ತೆಯೇ ಬರುತ್ತೇನೆ ಅಂದಿದ್ದಾರೆ.