ಹಳೇ ಬಿಎಂಡಬ್ಲ್ಯೂಗೆ ಮ್ಯಾನುವಲ್ ಗೇರ್‌ಬಾಕ್ಸ್ ಕೂರಿಸುವುದು

ಇ46 ಎಂಬ ಹಳೇ ತಲೆಮಾರಿನ ಬಿಎಂಡಬ್ಲ್ಯೂ 3 ಸೀರೀಸ್‌ನ ಆಟೋಮ್ಯಾಟಿಕ್ (ಆಟೋ) ಗೇರ್‌ಬಾಕ್ಸ್ ತೆಗೆದು ಮ್ಯಾನುವಲ್ ಹಾಕಲು ಹೊರಟಿದ್ದೀರಾ? ಮೊದಲು ಆರ್‌ಟಿಒದಲ್ಲಿ ವಿಚಾರಿಸಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇಂಥ ಬದಲಾವಣೆಗೆ ಅಡ್ಡ ಬರಬಹುದು.

ಸಾಮಾನು ಬಿಡಿಬಿಡಿಯಾಗಿ ಕೊಳ್ಳಬೇಡಿ. ಗೇರ್‌ಬಾಕ್ಸ್, ಪೆಡಲ್ ಸೆಟ್, ಕ್ಲಚ್ ಒತ್ತುವ ಮಾಸ್ಟರ್, ಸ್ಲೇವ್ ಸಿಲಿಂಡರ್, ಹಿಂದಿನ ಚಕ್ರಗಳತ್ತ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್, ಗೇರ್‌ಬಾಕ್ಸ್ ಹೊರುವ ಕ್ರಾಸ್‌ಮೆಂಬರ್ ಎಲ್ಲ ಒಂದೇ ಮ್ಯಾನುವಲ್ ಗಾಡಿಯಿಂದ ತನ್ನಿ. ಆಟೋದ ಶಾಫ್ಟಿನ ಉದ್ದವೇ ಬೇರೆ. ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್ ಮಾತ್ರ ಹೊಸದೇ ಇರಲಿ.

ಹಳೇ ಗೇರ್‌ಬಾಕ್ಸ್ ಇಳಿಸಿ, ಕ್ರ್ಯಾಂಕಿಗೆ ಬಿಗಿದ ತೆಳು ತಟ್ಟೆ, ಅಂದರೆ ಫ್ಲೆಕ್ಸ್‌ಪ್ಲೇಟ್ ಬಿಚ್ಚಿ. ಮ್ಯಾನುವಲ್‌ನಲ್ಲಿ ಅದರ ಜಾಗಕ್ಕೆ ಭಾರದ ಫ್ಲೈವೀಲ್ ಬರುತ್ತದೆ. ಕ್ರ್ಯಾಂಕಿನ ತುದಿಯಲ್ಲಿ ಗೇರ್‌ಬಾಕ್ಸ್ ಶಾಫ್ಟಿನ ಮೂತಿ ಕೂರುವ ಪೈಲಟ್ ಬೇರಿಂಗ್ ಇರುವುದಿಲ್ಲ, ಆಟೋಗೆ ಅದು ಬೇಡ ಅಲ್ವಾ. ಅದನ್ನು ಈಗಲೇ ಕೂರಿಸಿ. ಮರೆತರೆ ಮತ್ತೆ ಪೂರಾ ಇಳಿಸಬೇಕು. ಕ್ರ್ಯಾಂಕಿನ ಹಿಂತುದಿಯಲ್ಲಿ ಎಣ್ಣೆ ಸೋರದಂತೆ ತಡೆಯುವ ರಿಯರ್ ಮೇನ್ ಸೀಲನ್ನೂ ಇದೇ ಹೊತ್ತಲ್ಲಿ ಬದಲಿಸಿ.

ನಮ್ಮ ಬೆಳಗಾವಿ ಉದ್ಯಮಬಾಗದ ಲೇತ್‌ನವರು ಏನು ಕೊಟ್ಟರೂ ಫೇಸಿಂಗ್ ಮಾಡಿ, ಅಂದರೆ ಮೇಲ್ಮೈ ಸಮ ಮಾಡಿ ಕೊಡುತ್ತಾರೆ. ಒಂದೇ ತುಂಡಿನ ಸಿಂಗಲ್ ಮಾಸ್ ಫ್ಲೈವೀಲ್ ಧಾರಾಳವಾಗಿ ಕೊಡಿ. ಎರಡು ತುಂಡಿನ ಡ್ಯುಯಲ್ ಮಾಸ್ ಆದರೆ ಸುಮ್ನೆ ಕೊಡಬೇಡಿ, ಒಳಗೆ ಸ್ಪ್ರಿಂಗ್‌ಗಳಿವೆ. ಅದು ಜಾಸ್ತಿ ಸಡಿಲಾಗಿದ್ದರೆ ಹೊಸದೇ ಗತಿ.

ನನ್ನ ಪ್ರಕಾರ ನಿಜವಾದ ತಲೆನೋವು ವೈರಿಂಗ್. ಆಟೋ ಗೇರ್‌ಬಾಕ್ಸ್ ಕೊಡುತ್ತಿದ್ದ ಪಾರ್ಕ್, ನ್ಯೂಟ್ರಲ್ ಸಿಗ್ನಲ್ ಸಿಗದಿದ್ದರೆ ಸ್ಟಾರ್ಟರ್ ತಿರುಗುವುದಿಲ್ಲ. ರಿವರ್ಸ್ ಲೈಟಿನ ತಂತಿಯನ್ನು ಹೊಸ ಸ್ವಿಚ್‌ಗೆ ಜೋಡಿಸಿ. ಎಂಜಿನ್ ಕಂಪ್ಯೂಟರ್ ಆದ ಇಸಿಯುವನ್ನು ಮ್ಯಾನುವಲ್‌ಗೆ ಕೋಡಿಂಗ್ ಮಾಡಿಸದಿದ್ದರೆ ಗೇರ್‌ಬಾಕ್ಸ್ ಎಚ್ಚರಿಕೆ ದೀಪ ಉರಿಯುತ್ತಲೇ ಇರುತ್ತದೆ.

ಕ್ಲಚ್‌ಗೂ ಬ್ರೇಕ್ ಡಬ್ಬಿಯ ಎಣ್ಣೆಯೇ. ಕ್ಲಚ್ ಪೈಪಿನೊಳಗಿನ ಗಾಳಿ ಪೂರ್ತಿ ತೆಗೆಯಿರಿ. ಹೊಸ ಕ್ಲಚ್ ಕೂರುವವರೆಗೆ ಊರೊಳಗೇ ಮೆತ್ತಗೆ ಓಡಿಸಿ, ಗೋವಾ ದಾರಿಯ ಚೋರ್ಲಾ ಘಾಟ್ ಆಮೇಲೆ.